ಕೆಂಪು ಮುಚ್ಚಳದ ಬಾಟಲಿ

ಜಟ್ಟೆಮ್ಮ ಅರ್ಧ ತುಂಬಿದ್ದ ಕೊಡವನ್ನು ಎತ್ತಿ, ಅದರಲ್ಲಿದ್ದ ನೀರನ್ನೆಲ್ಲ ಮೋರಿಗೆ ಸುರಿದುಬಿಟ್ಟಳು.

ರಾಮಮೂರ್ತಿ ನಗರದ ಆ ವಠಾರದಲ್ಲಿ ನಲ್ಲಿಗೆ ನೀರು ಬರುವುದು ದಿನ ಬಿಟ್ಟು ದಿನ. ಅಂಥ ಕಡೆ ಇಂಥ ಕೆಲಸ ಮಾಡಿದರೆ ಮನೆಯೊಡತಿ ಸುಮ್ಮನಿರುತ್ತಾಳೆಯೇ? ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದ ರಾಜೇಶ್ವರಿ ಅಲ್ಲಿಂದಲೇ ಬಗ್ಗಿ ನೋಡಿದರು.

"ಏನಮ್ಮಾ ಜಟ್ಟೆಮ್ಮ, ನಿಮ್ಮೂರಲ್ಲಿ ಕಾವೇರಿ ಹರೀತಿದ್ಲಾ? ಅರ್ಧ ಕೊಡ ನೀರು ಮೋರಿಗೆ ಹಾಕ್ಬಿಟ್ಟೆಯಲ್ಲ."

"ಹಳಿ ನೀರ್ರೀ ಅಕ್ಕಾರ."

"ಮೊನ್ನೆ ಹಿಡಿದಿದ್ದು ತಾನೆ? ಅದೇನು ಸಾರಾ, ಹಳಸೋಕೆ?"

"ಹಂಗಲ್ರೀ. ಹಳಿ ನೀರಿನ ಮ್ಯಾಲ ಹೊಸ ನೀರು ಹಾಕಂಗಿಲ್ಲ ನಮ್ಮ ಮನ್ಯಾಗ. ಕೊಡ ಬರಿದು ಮಾಡಬೇಕು, ತಿಕ್ಕಬೇಕು, ಹೊಸ ನೀರಿಲೇ ಗಲಬರಿಸಿ ಚೆಲ್ಲಬೇಕು, ಆಮ್ಯಾಲ ತುಂಬೋದು. ನಮ್ಮತ್ತಿ ಇದ್ದಿದ್ರ ಇಷ್ಟೊತ್ತಿಗೆ ಕೊಡಾನೇ ಒದ್ದಿರ್ತಿದ್ಲು."

"ನಿಮ್ಮತ್ತೆಗೆ ನಮ್ಮ ವಾಟರ್ ಬಿಲ್ ತೋರಿಸ್ಬೇಕಿತ್ತು. ಕೊಡದ ಜೊತೆ ನನ್ನೂ ಒದೀತಿದ್ರೇನೋ," ಎಂದು ಗೊಣಗುತ್ತ ರಾಜೇಶ್ವರಿ ಒಳಗೆ ಹೋದರು.

ಜಟ್ಟೆಮ್ಮನ ಗಂಡ ಬರಲೆಂದು ಕಾಯುತ್ತ ಕಟ್ಟೆಯ ಮೇಲೆ ಕೂತು, ಅವಳು ಕೊಟ್ಟ ಚಹಾ ಕುಡಿಯುತ್ತಿದ್ದ ಶಮೀಮ್ ಲೋಟವನ್ನು ಬಾಯಿಯ ಹತ್ತಿರ ಹಿಡಿದವಳು ಹಾಗೆಯೇ ಉಳಿದಳು.

ಅಗ್ನಿಗರ್ಭ ಎನರ್ಜಿ ಎಂಬ ಕಂಪನಿಯ ಕೆಮಿಸ್ಟ್ ಆದಿಲ್, ನೀರಿನ ಪರೀಕ್ಷೆಯ ಅಂಕಿಗಳನ್ನು ಸುಳ್ಳೇ ಬರೆದು ಜನರನ್ನು ಮುಳುಗಿಸಿದನೆಂಬ ಆರೋಪದ ಮೇಲೆ ಜೈಲು ಸೇರಿದ್ದ. ನಾಳೆ ಅವನ ಜಾಮೀನಿನ ವಿಚಾರಣೆ. ಅವನನ್ನು ಹೊರಗೆ ತರಬಲ್ಲ ಉತ್ತರವೊಂದು, ಅವನ ವಕೀಲನಿಗಾಗಿ ಪತ್ತೆ ಮಾಡುತ್ತಿದ್ದ ಶಮೀಮ್‌ಗೆ ವಾರದಿಂದ ಸಿಗುತ್ತಲೇ ಇರಲಿಲ್ಲ. ಅದೀಗ ತನ್ನ ಕಣ್ಣೆದುರಿಗೇ ಮೋರಿಯಲ್ಲಿ ಹರಿದು ಹೋಗುತ್ತಿದೆ ಎಂದು ಅವಳಿಗೆ ಅನ್ನಿಸಿತು.

ಶಮೀಮ್ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಬಿಟ್ಟು, ಶಿವಾಜಿನಗರದಲ್ಲಿ ಜರಿ ಅಂಗಡಿಯೊಂದರ ಮೇಲೆ ಪತ್ತೇದಾರಿ ಕಚೇರಿ ತೆರೆದವಳು. ಗಂಡಂದಿರ ಗುಟ್ಟು, ಪಾಲುದಾರರ ಮೋಸ ಎಲ್ಲ ನೋಡಿದ್ದಳು. ನೀರಿನ ರಸಾಯನಶಾಸ್ತ್ರ ಮಾತ್ರ ಅವಳ ಪಾಲಿಗೆ ಹೊಸದು. ಆದಿಲ್ ಜೈಲಿನ ಜಾಲರಿಯ ಆಚೆಯಿಂದ ತಾಳ್ಮೆಯಾಗಿ ಹೇಳಿಕೊಟ್ಟಿದ್ದ.

ಭೂಮಿಯ ಆಳದಲ್ಲಿ ಕಾಯುವ ನೀರು ಕಲ್ಲನ್ನು ಚೂರು ಚೂರೇ ಕರಗಿಸಿಕೊಂಡು ಮೇಲೆ ಬರುತ್ತದೆ. ಕೆಳಗೆ ಬಿಸಿ ಹೆಚ್ಚಿದ್ದಷ್ಟೂ ಕರಗಿದ ಕಲ್ಲು ಹೆಚ್ಚು. ಅದಕ್ಕೆ ಸಿಲಿಕಾ ಎನ್ನುತ್ತಾರೆ. ಬುಗ್ಗೆ, ಹಳ್ಳ, ಬಾವಿಗಳ ನೀರಿನಲ್ಲಿ ಸಿಲಿಕಾ ಎಷ್ಟಿದೆಯೆಂದು ಅಳೆದರೆ, ಒಂದು ಗುಂಡಿಯನ್ನೂ ತೋಡದೆ ಕೆಳಗಿನ ಬಿಸಿಯ ಅಂದಾಜು ಸಿಗುತ್ತದೆ. ಬಿಸಿ ಸಾಕಷ್ಟಿದ್ದರೆ ಆ ನೀರಿನ ಹಬೆಯಿಂದ ಕರೆಂಟು ತೆಗೆಯಬಹುದು.

ಆದರೆ ಒಂದು ತೊಡಕುಂಟು. ಸಕ್ಕರೆ ಪಾಕ ಆರಿದರೆ ಹರಳುಗಟ್ಟುವ ಹಾಗೆ, ಬುಗ್ಗೆಯ ನೀರು ಬಾಟಲಿಯಲ್ಲಿ ತಣ್ಣಗಾದರೆ ಸಿಲಿಕಾ ಗೋಡೆಗೆ ಕಚ್ಚಿಕೊಳ್ಳಬಹುದು. ಪಾಕ ಗಟ್ಟಿಯಾಗದಿರಲೆಂದು ನೀರು ಬೆರೆಸುವುದಿಲ್ಲವೇ? ಅದೇ ಉಪಾಯ ಇಲ್ಲೂ. ಲ್ಯಾಬಿನವರು ಕೆಂಪು ಮುಚ್ಚಳದ ಬಾಟಲಿಗಳಲ್ಲಿ ಒಂಬತ್ತು ಪಾಲು ಶುದ್ಧ ನೀರನ್ನು ಮೊದಲೇ ಹಾಕಿ ಕಳಿಸುತ್ತಾರೆ. ಬುಗ್ಗೆಯ ಹತ್ತಿರ ಅದಕ್ಕೆ ಒಂದು ಪಾಲು ಬುಗ್ಗೆ ನೀರು ಸೇರಿಸಬೇಕು. ಪರೀಕ್ಷೆಯಲ್ಲಿ ಬಂದ ಅಂಕಿಯನ್ನು ಹತ್ತರಿಂದ ಗುಣಿಸಬೇಕು. ಬಿಳಿ ಮುಚ್ಚಳದ ಬಾಟಲಿ ಉಳಿದ ಲವಣಗಳಿಗೆ. ಅದರಲ್ಲಿ ಬರೀ ಬುಗ್ಗೆಯ ನೀರು.

ಆದಿಲ್ ಹಾಗೆ ಗುಣಿಸಿದ್ದ. ಸುರಪುರದ ಕಡೆಯ ಬುಗ್ಗಿಹಾಳದ ಕೆಳಗೆ ಇನ್ನೂರು ಡಿಗ್ರಿಗೂ ಮೀರಿದ ಬಿಸಿಯಿದೆ ಎಂದು ಲೆಕ್ಕ ಬಂತು. ಕಂಪನಿ ಡಂಗುರ ಹೊಡೆಯಿತು, ಷೇರು ಮಾರಿತು, ಊರಿನ ಹೊಲಗಳಲ್ಲಿ ಕೊರೆಸಿತು. ಸಿಕ್ಕಿದ್ದು ಮಗುವಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿನ ನೀರು. ಜನ ಕಚೇರಿಗೆ ಕಲ್ಲು ಹೊಡೆದ ಮರುದಿನವೇ ಕಂಪನಿ ಆದಿಲ್ ಮೇಲೆ ದೂರು ಕೊಟ್ಟಿತ್ತು.

ನ್ಯಾಯಾಲಯದ ಅನುಮತಿ ಪಡೆದು, ಲ್ಯಾಬಿನಲ್ಲಿ ಉಳಿದಿದ್ದ ಬಾಟಲಿಗಳನ್ನು ಕಾಲೇಜೊಂದರಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ ಶಮೀಮ್‌ಗೆ ಒಗಟೊಂದು ಎದುರಾಯಿತು. ಕೆಂಪು ಮುಚ್ಚಳದ ನೀರಿನಲ್ಲಿ ಬಿಳಿ ಮುಚ್ಚಳದ ನೀರಿನ ಹತ್ತನೇ ಒಂದು ಪಾಲು ಸಿಲಿಕಾ ಇರಬೇಕಿತ್ತು. ಎರಡರಲ್ಲೂ ಒಂದೇ ಸಮ ಇತ್ತು. ಮೋಸ ಮಾಡುವವನು ಅಂಕಿ ತಿದ್ದುತ್ತಾನೆ. ಬಾಟಲಿಯ ನೀರು ತಾನೇ ಹೇಗೆ ಬದಲಾಗುತ್ತದೆ?

ಗೇಟು ಕಿರುಗುಟ್ಟಿತು. ಜಟ್ಟೆಮ್ಮನ ಗಂಡ ಸಾಯಬಣ್ಣ ರಾತ್ರಿ ಪಾಳಿ ಮುಗಿಸಿ ಬಂದಿದ್ದ. ದೊಡ್ಡನೆಕ್ಕುಂದಿಯಲ್ಲಿರುವ ಅಗ್ನಿಗರ್ಭದ ಲ್ಯಾಬಿಗೆ ಅವನೇ ಕಾವಲುಗಾರ. ಅದಕ್ಕೂ ಮೊದಲು, ತನ್ನೂರು ಬುಗ್ಗಿಹಾಳದಲ್ಲಿ ಬಾಟಲಿಗಳಿಗೆ ನೀರು ತುಂಬಿದವನೂ ಅವನೇ.

"ಸಾಯಬಣ್ಣ, ಕೂತ್ಕೊಳಿ," ಎಂದಳು ಶಮೀಮ್. "ಒಂದೇ ಮಾತು ಕೇಳ್ತೀನಿ. ಕೆಂಪು ಮುಚ್ಚಳದ ಬಾಟ್ಲಿಗಳಲ್ಲಿ ಮೊದಲೇ ನೀರಿತ್ತಲ್ಲ. ಅದನ್ನ ಏನು ಮಾಡಿದ್ರಿ?"

"ಚೆಲ್ಲೀನ್ರೀ," ಎಂದ ಸಾಯಬಣ್ಣ, ಇದೇನು ಕೇಳುವ ಮಾತೇ ಎಂಬಂತೆ. "ಬೆಂಗಳೂರಿಂದ ಬಂದ ನೀರು, ಯಾವಾಗ ತುಂಬಿದ್ದೋ ಏನೋ. ಚೆಲ್ಲಿ, ಬುಗ್ಗಿ ನೀರಿಲೇ ಗಲಬರಿಸಿ, ಗೀಟಿನ ತನಕ ತುಂಬಿದೆ. ಮ್ಯಾಲ ಮುತ್ತಣ್ಣ ಸಾಹೇಬ್ರು ಕೊಟ್ಟ ಪಿಚಕಾರಿಲೇ ಇನ್ನೊಂದೀಟು ಅದೇ ನೀರು ಹಾಕಿದೆ. ಅವ್ರು ಹಾಕು ಅಂದಿದ್ರು."

"ಸೂಪರ್‌ವೈಸರ್ ಮುತ್ತಣ್ಣ ನೋಡ್ಲಿಲ್ವಾ?"

"ಬಿಸಲಾಗ ಅವ್ರೆಲ್ಲಿ ಬರ್ತಾರ್ರೀ. ಜೀಪಿನ್ಯಾಗ ಕುಂತಿದ್ರು."

ಶಮೀಮ್ ಕಣ್ಣು ಮುಚ್ಚಿದಳು. ಎಷ್ಟು ಸರಳ. ಬಾಟಲಿಯಲ್ಲಿ ಒಂಬತ್ತು ಪಾಲು ಶುದ್ಧ ನೀರು ಇರಲೇ ಇಲ್ಲ. ಇದ್ದದ್ದೆಲ್ಲ ಬುಗ್ಗೆಯ ನೀರೇ. ಅದರ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಸಪ್ಪೆ ಬುಗ್ಗೆಯೂ ಕಾಗದದ ಮೇಲೆ ಕುದಿಯದೆ ಇರುತ್ತದೆಯೇ? ಇದರಲ್ಲಿ ಮೋಸವಿಲ್ಲ. ಒಬ್ಬ ಮನುಷ್ಯ ತನ್ನ ಅಡುಗೆಮನೆಯ ಮಡಿಯನ್ನು ಬುಗ್ಗೆಯ ತನಕ ಒಯ್ದಿದ್ದ, ಅಷ್ಟೇ. ಬಾಟಲಿಯಲ್ಲಿ ನೀರು ಯಾಕಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವಳು ಮೆಲ್ಲಗೆ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ಸಾಯಬಣ್ಣನ ಮುಖದಲ್ಲಿ ನೆತ್ತರು ಇಂಗಿತು.

"ಅಂದ್ರ, ಆ ಆದಿಲ್ ಸಾಹೇಬ್ರು ಒಳಗ ಕುಂತಿದ್ದು ನನ್ನಿಂದ?"

"ನಿಮ್ಮಿಂದ ಅಲ್ಲ. ಹೇಳಿಕೊಡ್ದೆ ಜೀಪಲ್ಲಿ ಕೂತವರಿಂದ. ನಿಮ್ಮ ಹೆಸರು ನನ್ನ ಬಾಯಿಂದ ಬರಲ್ಲ." ಶಮೀಮ್ ಇನ್ನೊಂದು ಮಾತು ಕೇಳಿದಳು: "ಅಂಕಿ ನಂಬೋಕಾಗ್ಲಿಲ್ಲ, ಬೇರೆ ಲವಣಗಳು ಅಷ್ಟು ಬಿಸಿ ತೋರಿಸ್ತಿರಲಿಲ್ಲ, ಅದಕ್ಕೇ ಎರಡನೇ ಸಲ ನೀರು ತರಿಸ್ದೆ ಅಂತ ಆದಿಲ್ ಹೇಳ್ತಾನೆ. ಆಗ್ಲೂ ಅದೇ ಅಂಕಿ ಬಂತಂತೆ. ಕಂಪನಿಯವರು ಎರಡನೇ ಸಲ ಅನ್ನೋದೇ ಸುಳ್ಳು ಅಂತಾರೆ. ನೀವೇನಂತೀರಿ?"

ಸಾಯಬಣ್ಣ ಚಪ್ಪಲಿಯ ಉಂಗುಟ ಸರಿಮಾಡಿಕೊಂಡ. ಸರಿಯಾಗಿಯೇ ಇದ್ದ ಉಂಗುಟ.

"ಒಂದೇ ಸಲ ಬಂದಿದ್ರೀ."

ಕೊಡ ತಿಕ್ಕುತ್ತಿದ್ದ ಜಟ್ಟೆಮ್ಮನ ಕೈ ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ ತಿಕ್ಕತೊಡಗಿತು.

*

ಇಂದಿರಾನಗರದ ಹಂಡ್ರೆಡ್ ಫೀಟ್ ರಸ್ತೆಯಲ್ಲಿದ್ದ ಅಗ್ನಿಗರ್ಭದ ಕಚೇರಿಗೆ ಹೊಸ ಗಾಜು ಹಾಕಿಸಿದ್ದರು. ಒಡೆದ ಗಾಜಿನ ಚೂರೊಂದು ಇನ್ನೂ ಕುಂಡದ ಮಣ್ಣಿನಲ್ಲಿ ಹೊಳೆಯುತ್ತಿತ್ತು. ಒಳಗೆ ಥರ್ಮಾಕೋಲಿನ ವಿದ್ಯುತ್ ಸ್ಥಾವರದ ಮಾದರಿ, ಅದರ ಚಿಮಣಿಯಲ್ಲಿ ಹಬೆಯ ಬದಲು ಹತ್ತಿ.

ನಿರ್ದೇಶಕಿ ಪ್ರಿಯದರ್ಶಿನಿ ಎದ್ದು ನಿಂತು ಸ್ವಾಗತಿಸಿದರು. ಇಸ್ತ್ರಿ ಮುರಿಯದ ಹತ್ತಿ ಸೀರೆ, ಮೆತ್ತನೆಯ ದನಿ. ಆ ಮೆತ್ತಗಿನ ದನಿಯಲ್ಲೇ ಅವರು ಪತ್ರಿಕೆಯವರ ಮುಂದೆ "ನಾವು ನಂಬಿದ ಹುಡುಗನೇ ನಮ್ಮ ಬೆನ್ನಿಗೆ ಚೂರಿ ಹಾಕಿದ" ಎಂದಿದ್ದರು.

"ಕೂತ್ಕೊಳಿ ಶಮೀಮ್. ಟೀ, ಕಾಫಿ?"

"ಏನೂ ಬೇಡ. ನಿಮ್ಮ ಆದಿಲ್ ಸುಳ್ಳು ಬರೆದಿಲ್ಲ ಅಂತ ಹೇಳೋಕೆ ಬಂದೆ."

"ಐ ವಿಶ್. ಆ ಹುಡುಗನ ಮೇಲೆ ನನಗೂ ಅಫೆಕ್ಷನ್ ಇತ್ತು."

ಜೈಲಿನಲ್ಲಿ ಚಾಪೆಯ ಮೇಲೆ ಮಲಗುವವನ ಬಗ್ಗೆ ತಂಪು ಕೋಣೆಯಲ್ಲಿ ಕೂತು ಆಡಿದ ಈ ಅಕ್ಕರೆಯ ಮಾತು ಕೇಳಿ ಶಮೀಮ್‌ಗೆ ಮೈ ಉರಿಯಿತು. ಹೇಳಬಾರದೆಂದುಕೊಂಡು ಬಂದದ್ದನ್ನೆಲ್ಲ ಅವಳು ಮೇಜಿನ ಮೇಲೆ ಸುರಿದಳು. ಎರಡು ಮುಚ್ಚಳಗಳು, ಒಂದೇ ನೀರು, ಚೆಲ್ಲಿಹೋದ ಒಂಬತ್ತು ಪಾಲು.

ಪ್ರಿಯದರ್ಶಿನಿ ತಲೆ ಓರೆ ಮಾಡಿ ಕೇಳಿದರು. ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ.

"ಸೋ, ಬಾಟಲ್‌ನಲ್ಲಿದ್ದ ನೀರನ್ನ ಯಾರೋ ಚೆಲ್ಲಿದಾರೆ."

"ಗೊತ್ತಿಲ್ದೆ ಚೆಲ್ಲಿದಾರೆ. ನಿಮ್ಮ ಸೂಪರ್‌ವೈಸರ್ ಮುತ್ತಣ್ಣ ನೆರಳಲ್ಲಿ ಕೂತಿದ್ದ. ಈಗ ಆತ ಎಲ್ಲಿ?"

"ಮಸ್ಕತ್‌ಗೆ ಹೋದ್ರು. ಬೆಟರ್ ಜಾಬ್."

"ಒಳ್ಳೆ ಹೊತ್ತಿಗೆ ಹೋದ್ರು. ಎರಡನೇ ಸಲ ನೀರು ತರೋಕೆ ಹೋದಾಗಲೂ ಅವರೇ ಇದ್ರಾ?"

"ಎರಡನೇ ಸಲ ಇಲ್ವೇ ಇಲ್ಲ. ಅದು ಆದಿಲ್ ಕಟ್ಟಿದ ಕಥೆ." ಪ್ರಿಯದರ್ಶಿನಿ ನಸುನಕ್ಕರು. "ನನ್ನನ್ನ ಕೇಳಿದ್ರೆ ಏನು ಪ್ರಯೋಜನ ಹೇಳಿ. ನಾನು ಫೈನಾನ್ಸ್‌ನವಳು. ಆ ಬುಗ್ಗೆ ಫೋಟೋದಲ್ಲಿ ಬಿಟ್ರೆ ನಾನು ನೋಡೇ ಇಲ್ಲ. ಬಿಸಿಲು ಅಂದ್ರೆ ನನಗೆ ಮೈಗ್ರೇನ್."

"ಬೇರೆ ಲವಣ ಅಷ್ಟು ಬಿಸಿ ತೋರಿಸ್ತಿಲ್ಲ, ತಡೀರಿ ಅಂತ ಆದಿಲ್ ನಿಮಗೆ ಹೇಳಿರಲಿಲ್ವಾ?"

"ಹೇಳಿದ್ರೆ ನಾನು ತಡೀತಿರಲಿಲ್ವಾ?" ಅವರು ಪೆನ್ನಿನ ಮುಚ್ಚಳ ಹಾಕಿದರು. "ಎನಿವೇ, ಥ್ಯಾಂಕ್ ಯೂ. ನಮಗೂ ಒಂದು ಎಕ್ಸ್‌ಪ್ಲನೇಷನ್ ಬೇಕಿತ್ತು. ಸಾಯಬಣ್ಣ, ಅಲ್ವಾ?"

ಶಮೀಮ್ ಕುರ್ಚಿಯಲ್ಲಿ ಮುಂದೆ ಬಾಗಿದಳು. "ನಾನು ಯಾರ ಹೆಸರೂ ಹೇಳಿಲ್ಲ."

"ಹೇಳ್ಬೇಕಾ? ನೀರು ತುಂಬಿದ್ದು ಅವನೊಬ್ಬನೇ. ಪಾಪ ಅಂತ ಊರಿಂದ ಕರ್ಸಿ, ಕೆಲಸ ಕೊಟ್ಟು, ರೂಮ್ ಬಾಡಿಗೇನೂ ನಾವೇ ಕಟ್ತಿದೀವಿ. ದೀಸ್ ಪೀಪಲ್. ಒಂದು ಬಾಟಲ್ ತುಂಬೋಕೂ ಬರಲ್ಲ." ಒಂದು ಉಸಿರು ಬಿಟ್ಟು ಮುಂದುವರಿಸಿದರು. "ನಿಮ್ಮ ಹುಡುಗ ಹೊರಗೆ ಬರ್ತಾನೆ. ನಿಮಗೆ ಬೇಕಾಗಿದ್ದು ಅಷ್ಟೇ ತಾನೆ?"

"ಒಬ್ಬ ಹೊರಗೆ ಬರೋಕೆ ಇನ್ನೊಬ್ಬ ಒಳಗೆ ಹೋಗ್ಬೇಕಾ? ಜೈಲು ಏನು ನೀವು ಬಾಡಿಗೆ ಕಟ್ಟೋ ರೂಮಾ ಮೇಡಂ, ಖಾಲಿ ಬಿಡಬಾರದು ಅನ್ನೋಕೆ?"

"ಎಮೋಷನಲ್ ಆಗ್ಬೇಡಿ."

"ಆಗ್ತೀನಿ. ಆ ಮನುಷ್ಯನ ಹೊಲದಲ್ಲೇ ಕೊರೆದ್ರಿ ನೀವು. ಹೊಲ ಕೆಸರಾಯ್ತು. ಬಾಟ್ಲಿ ಕೊಟ್ಟವರು ಅದರಲ್ಲಿ ನೀರು ಯಾಕಿದೆ ಅಂತ ಅವನಿಗೆ ಎರಡು ಮಾತು ಹೇಳ್ಲಿಲ್ಲ. ಹೇಳೋಷ್ಟು ದೊಡ್ಡ ಮನುಷ್ಯ ಅವನು ಅಂತ ಯಾರಿಗೂ ಅನಿಸ್ಲಿಲ್ಲ. ಈಗ ತಪ್ಪು ಹೊರೋಕೆ ಮಾತ್ರ ಅವನು ಬೇಕಾದ. ಮೊದಲು ಆದಿಲ್ ಸಿಕ್ಕಿದ್ದ, ಇವತ್ತು ಸಾಯಬಣ್ಣ. ಷೇರು ಮಾರಿದವರು, ಡಂಗುರ ಹೊಡೆದವರು, ನಿಮ್ಮ ಈ ಗಾಜಿನ ಈಚೆ ಯಾರ ತಪ್ಪೂ ಇಲ್ವಾ?"

ಪ್ರಿಯದರ್ಶಿನಿ ಗಡಿಯಾರ ನೋಡಿದರು. "ನನಗೊಂದು ಕಾಲ್ ಇದೆ," ಎಂದರು. ಮೆತ್ತಗೆ, ಮೊದಲಿನಷ್ಟೇ ಮೆತ್ತಗೆ.

*

ಬಸ್ಸಿನಲ್ಲಿ ಕೂತಾಗ ಶಮೀಮ್‌ಗೆ ತನ್ನ ಮೇಲೆಯೇ ಸಿಟ್ಟು ಬಂತು. ಬೆಳಿಗ್ಗೆ ಕೊಟ್ಟ ಮಾತನ್ನು ಮಧ್ಯಾಹ್ನಕ್ಕೇ ಮುರಿದಂತಾಗಿತ್ತು. ಹೆಸರು ಹೇಳದಿದ್ದರೇನು, ಕೈ ಹಿಡಿದು ಮನೆಯ ಬಾಗಿಲು ತೋರಿಸಿದ ಹಾಗೇ ಅಲ್ಲವೇ?

ಹಲಸೂರು ದಾಟುವಾಗ ಇನ್ನೊಂದು ಯೋಚನೆ ಮುಳ್ಳಿನಂತೆ ಚುಚ್ಚಿತು. ಬುಗ್ಗಿಹಾಳದಲ್ಲಿ ಹೊಲ ಕೆಟ್ಟವರು ಹಲವರಿದ್ದರು. ಅವರಲ್ಲಿ ಬೆಂಗಳೂರಿಗೆ ಕರೆಸಿ ಕೆಲಸ ಕೊಟ್ಟದ್ದು ನೀರು ತುಂಬಿದ ಒಬ್ಬನಿಗೆ ಮಾತ್ರ. ಚೆಲ್ಲಿದ ವಿಷಯ ಇವತ್ತೇ ತಿಳಿದದ್ದಾದರೆ, ಪ್ರಿಯದರ್ಶಿನಿ ಅವನನ್ನು ಇಷ್ಟು ದಿನ ಕಣ್ಣಳತೆಯಲ್ಲಿ ಇಟ್ಟುಕೊಂಡದ್ದು ಯಾಕೆ? ಅವರು ಕೇಳುವಾಗ ಆಶ್ಚರ್ಯಪಟ್ಟಿರಲಿಲ್ಲ. ತನಗೆ ಮೊದಲೇ ಗೊತ್ತಿರುವ ಪಾಠವನ್ನು ಮಗು ಒಪ್ಪಿಸುವಾಗ ತಾಯಿ ಕೇಳುತ್ತಾಳಲ್ಲ, ಹಾಗೆ ಕೇಳಿದ್ದರು.

ಕೂಡಲೇ ರಾಮಮೂರ್ತಿ ನಗರಕ್ಕೆ ಹಿಂತಿರುಗಬೇಕಿತ್ತು. ಆದರೆ ನಾಳೆಯ ವಿಚಾರಣೆಗೆ ವಕೀಲ ಗಯಾಜ್‌ಗೆ ಇದನ್ನೆಲ್ಲ ಹೇಳಲೇಬೇಕು. ಅವನ ಕಚೇರಿ ಶಿವಾಜಿನಗರದಲ್ಲಿ. ಅಲ್ಲಿ ಬೆಂಚಿನ ಮೇಲೆ ಆದಿಲ್‌ನ ತಾಯಿ ಇಮಾಮ್ ಬೀ ಬಂದು ಕೂತಿದ್ದರು. ಮಡಿಲಲ್ಲಿ ಒಂದು ಚೀಲ, ಚೀಲದಲ್ಲಿ ಮಗನ ಒಗೆದು ಮಡಿಚಿದ ಅಂಗಿ.

"ಕಲ್ ಘರ್ ಆತಾ ಕ್ಯಾ ಬೇಟಾ?" ನಾಳೆ ಮನೆಗೆ ಬರ್ತಾನಾ ಎಂದು ಕೇಳಿದರು.

ಶಮೀಮ್ ಗಯಾಜ್ ಕಡೆ ನೋಡಿದಳು. ಅವನು ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸುತ್ತಿದ್ದ. "ಬಾಟ್ಲಿ ಗಟ್ಟಿ ಸಾಕ್ಷಿ," ಎಂದ. "ಸಾಯಬಣ್ಣ ಒಂದು ಮಾತು ಹೇಳಿದ್ರೆ ಸಾಕು. ಅವನ ಮೇಲೆ ಕೇಸ್ ಹಾಕ್ಲಿ ನೋಡೋಣ. ತಿಳೀದೆ ಚೆಲ್ಲಿದ್ದಕ್ಕೆ ಮೋಸ ಅನ್ನೋಕಾಗಲ್ಲ. ನಾನೇ ನಿಲ್ತೀನಿ ಅವನ ಪರವಾಗಿ."

"ಹೌ ಅಮ್ಮಾ. ಬರ್ತಾನೆ," ಎಂದಳು ಶಮೀಮ್.

ಇಮಾಮ್ ಬೀ ಅಳಲಿಲ್ಲ. ಅಂಗಿಯನ್ನು ಬಿಚ್ಚಿ, ಗುಂಡಿಗಳನ್ನು ಒಂದೊಂದಾಗಿ ಎಳೆದು ನೋಡಿ, ಮತ್ತೆ ಮಡಿಚಿದರು.

*

ಟಿನ್ ಫ್ಯಾಕ್ಟರಿಯ ಬಳಿ ಆಟೋ ಗಾಡಿಗಳ ನಡುವೆ ಸಿಕ್ಕಿಕೊಂಡಿತು. "ಈ ರೋಡಲ್ಲಿ ಅರ್ಜೆಂಟ್ ಅಂತ ಬರಬಾರ್ದು ಅಕ್ಕಾ," ಎಂದು ಚಾಲಕ ಎಂಜಿನ್ ಆರಿಸಿ ಕಾಲು ಚಾಚಿದ. "ಮನೇಲಿ ಹೇಳಿ ಬಂದಿದೀರಾ ತಾನೆ?" ಬೇರೆ ದಿನವಾಗಿದ್ದರೆ ಶಮೀಮ್ ನಗುತ್ತಿದ್ದಳು.

ವಠಾರ ತಲುಪಿದಾಗ ದೀಪ ಹಚ್ಚುವ ಹೊತ್ತು. ಜಟ್ಟೆಮ್ಮ ಬಾಗಿಲಲ್ಲೇ ಕೂತಿದ್ದಳು. ಶಮೀಮ್‌ಳನ್ನು ಕಂಡು ಎದ್ದಳು. ಅವಳ ಬೆನ್ನ ಹಿಂದೆ ಯಾರಾದರೂ ಬರುತ್ತಾರೋ ಎಂದು ಗೇಟಿನ ತನಕ ನೋಡಿದಳು.

"ಅವ್ರೆಲ್ಲಿ?"

"ಯಾರು?"

"ನಮ್ಮವ್ರು. ನೀವೇ ಕರಿಸಿಕೊಂಡ್ರಲ್ಲ."

"ನಾನಾ?"

"ಮಧ್ಯಾಹ್ನ ಬಿಳಿ ಗಾಡಿ ಬಂದಿತ್ತು. ಶಮೀಮ್ ಮೇಡಂ ಕಳಿಸ್ಯಾರ, ಕೋರ್ಟಿಗೆ ಹೇಳಿಕಿ ಬರಸಬೇಕಂತ ಅಂದ್ರು. ನಿದ್ದಿಗಣ್ಣಾಗ ಎದ್ದು ಹ್ವಾದ್ರು. ನಾನೇ ಅಂಗಿ ಕೊಟ್ಟೆ. ಹೋಗ್ರಿ, ಆ ಅಕ್ಕ ಛಲೋ ಹೆಂಗಸು, ಅಂದೆ." ಜಟ್ಟೆಮ್ಮ ಅವಳ ಮುಖವನ್ನೇ ದಿಟ್ಟಿಸಿದಳು. "ನೀವು ಕಳಿಸಿಲ್ಲೇನು?"

"ಇಲ್ಲ."

ಮೇಲಿನ ಮನೆಯಲ್ಲಿ ಕುಕ್ಕರ್ ಕೂಗಿತು. ಆಮೇಲೆ ಜಟ್ಟೆಮ್ಮ ಒಳಗೆ ಹೋಗಿ, ಗೋಡೆಗೊರಗಿ ಕೂತು, ಕೇಳದೆಯೇ ಮಾತು ಶುರುಮಾಡಿದಳು. ಅವಳ ದನಿಯಲ್ಲಿ ಅಳುವಿರಲಿಲ್ಲ, ಕಾದ ಹೆಂಚಿನಂಥ ಕೋಪವಿತ್ತು.

"ನಮ್ಮವ್ರು ನಿಮ್ಮ ಮುಂದ ಸುಳ್ಳು ಹೇಳಿದ್ರು. ಕಂಪನಿಯವ್ರು ಎರಡು ಸಲ ಬಂದಿದ್ರು ಬುಗ್ಗಿಗೆ. ಒಂದೇ ಸಲ ಅಂತ ಹೇಳು, ಇಲ್ಲಂದ್ರ ಕೆಲಸಿಲ್ಲ, ರೂಮಿಲ್ಲ ಅಂತ ಕಂಪನ್ಯಾಗ ಹೇಳಿಕೊಟ್ಟಾರ."

"ನಿಮಗೆ ಹೇಗೆ ಗೊತ್ತು?"

"ನಾ ಅಲ್ಲೇ ಇದ್ದೆ. ಅವ್ರಿಗೆಲ್ಲ ರೊಟ್ಟಿ ಬುಟ್ಟಿ ಹೊತ್ತು ಹೋಗಿದ್ದೆ. ಎರಡನೇ ಸಲ ಮುತ್ತಣ್ಣ ಸಾಹೇಬ್ರು ಬುಗ್ಗಿ ತನಕ ಇಳದು ಬಂದ್ರು. ನಮ್ಮವ್ರು ಕೆಂಪು ಮುಚ್ಚಳ ತಗದು ನೀರು ಚೆಲ್ಲಿದ್ದು ನೋಡಿ ಅವ್ರ ಮಾರಿ ಹೆಂಗಾತು ಅಂತೀರಿ. ಲೇ, ಅಳತಿ ಮಾಡಿ ಹಾಕಿದ್ದಲೇ ಅದು, ಮೊದಲ ಸಲನೂ ಚೆಲ್ಲಿದ್ದೇನು, ಅಂತ ಬೈದ್ರು. ಬೈದು ಜೀಪಿನ ಕಡಿ ಓಡಿದ್ರು. ಜೀಪಿನ್ಯಾಗ ಒಬ್ರು ಅಮ್ಮಾರು ಇದ್ರು. ತಲಿ ಮ್ಯಾಲ ಒದ್ದಿ ಬಟ್ಟಿ ಹಾಕ್ಕೊಂಡು, ಬಿಸಲಿಗೆ ತಲಿ ನೋಯ್ತದ ಅಂತಿದ್ರು."

ಶಮೀಮ್‌ಗೆ ಮಧ್ಯಾಹ್ನ ಕೇಳಿದ ಮೈಗ್ರೇನ್ ಮಾತು ನೆನಪಾಯಿತು.

"ಅವ್ರು ಇಳದು ಬಂದ್ರು. ಚಂದ ಮಾತು, ಬೆಣ್ಣಿಯಂಗ. ಮುತ್ತಣ್ಣ ಸಾಹೇಬ್ರು ಬೆಂಗಳೂರಿಗೆ ಫೋನ್ ಮಾಡ್ತೀನಿ, ಅಲ್ಲಿ ಆದಿಲ್‌ಗೆ ಹೇಳಬೇಕು ಅಂದ್ರು. ಅಮ್ಮಾರು ಬ್ಯಾಡ ಅಂದ್ರು. ಬುಗ್ಗಿ ನೋಡಕೋತ ಒಂದೀಟು ಹೊತ್ತು ನಿಂತ್ರು. ಆಮ್ಯಾಲ ನಮ್ಮವ್ರ ಕಡಿ ತಿರುಗಿ, ಮೊದಲ ಸಲ ಹೆಂಗ ಮಾಡಿದ್ದಿಯೋ ಈಗೂ ಹಂಗೇ ಮಾಡಪ್ಪ, ಒಂದು ಬಾಟ್ಲಿನೂ ಬಿಡಬ್ಯಾಡ, ಅಂದ್ರು."

ಮೊದಲ ಸಲ ಆದದ್ದು ತಪ್ಪು. ಎರಡನೇ ಸಲ ಅದೇ ತಪ್ಪನ್ನು ಬೇಕೆಂದೇ ಬಾಟಲಿಗೆ ತುಂಬಿಸಿದ್ದರು. ಆದಿಲ್ ಸಂಶಯಪಟ್ಟು ಮತ್ತೆ ಕೇಳಿದ ನೀರು ಅವನಿಗೆ ಮತ್ತೆ ಸುಳ್ಳು ಹೇಳಿತ್ತು. ಎರಡು ಸಲವೂ ಒಂದೇ ಅಂಕಿ ಬಂದ ಮೇಲೆ ಅವನು ನಂಬಿ ಸಹಿ ಹಾಕಿದ್ದ. ಬುಗ್ಗೆಯನ್ನು ಫೋಟೋದಲ್ಲಿ ಬಿಟ್ಟರೆ ನೋಡೇ ಇಲ್ಲ ಎಂದವರು ಅದರ ದಡದಲ್ಲಿ ನಿಂತು ಒಂದು ಊರಿನ ಹೊಲಗಳನ್ನೂ ಒಬ್ಬ ಹುಡುಗನ ಬಾಳನ್ನೂ ಎರಡು ಮಾತಿನಲ್ಲಿ ಮುಗಿಸಿ ಬಂದಿದ್ದರು. ಎರಡನೇ ಸಲದ ಬಾಟಲಿಗಳು ಲ್ಯಾಬಿನಲ್ಲಿ ಒಂದೂ ಉಳಿದಿರಲಿಲ್ಲವೇಕೆ ಎಂಬುದು ಈಗ ತಿಳಿಯಿತು.

"ಜಟ್ಟೆಮ್ಮ, ಇದನ್ನ ನಾಳೆ ಕೋರ್ಟಲ್ಲಿ..."

ಅಷ್ಟರಲ್ಲಿ ಅವಳ ಚೀಲದಲ್ಲಿದ್ದ ಮೊಬೈಲ್ ಬಡಿದುಕೊಂಡಿತು. ಗಯಾಜ್.

"ಶಮೀಮ್, ಎಲ್ಲಿದೀಯ? ನಿನ್ನ ಸಾಯಬಣ್ಣ ಸ್ಟೇಷನ್ನಲ್ಲಿ ಹೇಳಿಕೆ ಕೊಟ್ಟಿದಾನೆ. ಈಗಷ್ಟೇ ಗೊತ್ತಾಯ್ತು."

"ಏನಂತ?"

"ನೀರು ಚೆಲ್ಲಿದ್ದು ನಿಜ, ಚೆಲ್ಲು ಅಂತ ಹೇಳಿದ್ದು ಆದಿಲ್, ಅಂತ." ಗಯಾಜ್‌ನ ದನಿ ಒಡೆಯಿತು. "ಬಾಟ್ಲಿ ನಮ್ಮ ಸಾಕ್ಷಿ ಅಂದ್ಕೊಂಡಿದ್ವಿ. ಅದನ್ನೇ ನಮ್ಮ ಕುತ್ತಿಗೆಗೆ ಹಾಕಿದಾರೆ. ನೀನು ಅವರ ಮುಂದೆ ಹೇಳಿದ್ದನ್ನೇ ತಿರುಗಿಸಿ ಬರೆಸಿದಾರೆ."

"ಸಾಯಬಣ್ಣ ಈಗ ಸ್ಟೇಷನ್ನಲ್ಲೇ ಇದಾನಾ?"

"ಇಲ್ಲ. ಕಂಪನಿ ಗಾಡೀಲೇ ವಾಪಸ್ ಹೋದ್ನಂತೆ. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ."

ಫೋನು ಇಟ್ಟ ಮೇಲೆ ಅವಳು ನೆಲದ ಮೇಲೆ ಜಟ್ಟೆಮ್ಮನ ಎದುರಿಗೆ ಕೂತಳು. ಇರುವುದನ್ನು ಇರುವ ಹಾಗೇ ಹೇಳಿದಳು. ಚೆಲ್ಲಿದ ವಿಷಯ ಬಾಯಿಬಿಟ್ಟವಳು ತಾನೇ ಎಂಬುದನ್ನೂ ಮುಚ್ಚಿಡಲಿಲ್ಲ. "ನಾಳೆ ನೀವು ನೋಡಿದ್ದನ್ನ ನೋಡಿದ ಹಾಗೆ ಹೇಳಿದ್ರೆ ಆದಿಲ್ ಬರ್ತಾನೆ. ಇಲ್ಲಾಂದ್ರೆ ಅವನು ಇನ್ನು ಎಷ್ಟು ವರ್ಷ ಒಳಗಿರ್ತಾನೋ ಗೊತ್ತಿಲ್ಲ. ಅವನಿಗೂ ಒಬ್ಬಳು ತಾಯಿ ಇದಾಳೆ ಜಟ್ಟೆಮ್ಮ."

ಜಟ್ಟೆಮ್ಮ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲನ್ನು ಪೂರ್ತಿ ತೆರೆದು ಅದರ ಪಕ್ಕ ನಿಂತಳು.

"ಆ ಹುಡುಗ ಎಲ್ಲಿ ಅದಾನ ಅಂತ ಅವನ ತಾಯಿಗೆ ಗೊತ್ತದ," ಎಂದಳು. "ನನ್ನ ಗಂಡ ಎಲ್ಲಿ ಅದಾನ ಅಂತ ನನಗ ಗೊತ್ತಿಲ್ಲ. ನಿಮ್ಮ ಹೆಸರು ಕೇಳಿ ಕಳಿಸಿಕೊಟ್ಟೀನಿ. ನೀವೇ ಹುಡುಕಿ ತಂದು ಈ ಹೊಸ್ತಿಲ ಒಳಗ ಬಿಡ್ರಿ. ಅಲ್ಲೀತನ ಆ ಬುಗ್ಗಿ ನಾ ನೋಡೇ ಇಲ್ಲ, ಆ ಅಮ್ಮಾರು ಯಾರಂತ ನನಗ ಗೊತ್ತೇ ಇಲ್ಲ."